ಬಿಳಿ ಬಣ್ಣದ ಅಡಿಯಲ್ಲಿ ಒಂದು ಮನೆ

“ಅಕ್ಕಾ, ನಾವೊಂದು ಬಂಗಲೆ ತಗೊಂಡ್ವಿ!” ಎಂದು ನನ್ನ ತಂಗಿ ಅಮೆರಿಕದಿಂದ ಫೋನು ಮಾಡಿದ್ದು ೨೦೨೧ರಲ್ಲಿ. ಫೋನು ಕೆಳಗಿಡುವಷ್ಟರಲ್ಲಿ ಅಮ್ಮನಿಗೆ ಸುದ್ದಿ ಮುಟ್ಟಿತು, ಸಂಜೆಯೊಳಗೆ ದೇವಸ್ಥಾನದ ಬೀದಿಗೆಲ್ಲ ಮುಟ್ಟಿತು. “ನಮ್ಮ ಸಣ್ಣವಳು ಅಮೆರಿಕದಲ್ಲಿ ಬಂಗಲೆ ಕೊಂಡಿದಾಳೆ” ಎಂದು ಅಮ್ಮ ಹೂ ಮಾರುವವಳಿಗೂ ಹೇಳಿಯಾಗಿತ್ತು. ಬಂಗಲೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಏನು ಹೇಳಿ? ಸಿನಿಮಾದಲ್ಲಿ ನೋಡಿದ ಮಹಡಿ, ಬಳುಕಿದ ಮೆಟ್ಟಿಲು, ಅದರ ಮೇಲಿಂದ ರೇಷ್ಮೆ ಗೌನು ತೊಟ್ಟು ಇಳಿಯುವ ಜಮೀನ್ದಾರರು. ನನಗೂ ಹಾಗೇ ಬಂತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅಂತ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನಾನು ಅಲ್ಲಿಗೆ ಹೋದದ್ದು ೨೦೨೪ರ ಫೆಬ್ರವರಿಯಲ್ಲಿ, ಎರಡೂವರೆ ತಿಂಗಳ ಮಟ್ಟಿಗೆ. ಊರು ಕ್ಯಾಲಿಫೋರ್ನಿಯಾದ ಪಸಡೀನಾ, ಲಾಸ್ ಏಂಜಲೀಸಿನ ಪಕ್ಕದ್ದು. ಕಾರು ನಿಂತಿತು. ನಾನು ಕತ್ತು ಹೊರಳಿಸಿ ಬಂಗಲೆ ಹುಡುಕಿದೆ. ಎದುರಿಗೆ ಇದ್ದದ್ದು ಒಂದೇ ಅಂತಸ್ತಿನ ಮರದ ಮನೆ. ನಮ್ಮ ಸಾಗರದ ಮನೆಗಿಂತ ಚಿಕ್ಕದು! ತಗ್ಗಿದ ಮಾಡು, ಮುಂದೆ ಒಂದು ಜಗುಲಿ, ಜಗುಲಿಗೆ ಎರಡು ದಪ್ಪ ಕಂಬ.

“ಬಂಗಲೆ ಎಲ್ಲೇ?”

“ಇದೇ ಅಕ್ಕಾ.”

ಅಮ್ಮನಿಗೆ ಫೋಟೋ ಹೇಗೆ ಕಳಿಸಲಿ ಎಂಬ ಚಿಂತೆ ನನಗೆ ಹತ್ತಿತು.

ಆಮೇಲೆ ತಂಗಿಯ ಗಂಡ ಬಿಡಿಸಿ ಹೇಳಿದರು. ಬಂಗಲೆ ಎಂಬ ಮಾತು ಹುಟ್ಟಿದ್ದೇ ನಮ್ಮ ಬಂಗಾಳದಲ್ಲಂತೆ. ಬಂಗಾಳದ ಹಳ್ಳಿಯ ಹುಲ್ಲು ಮಾಡಿನ, ಒಂದೇ ಅಂತಸ್ತಿನ, ಸುತ್ತ ಜಗುಲಿಯಿದ್ದ ಗುಡಿಸಲಿಗೆ ‘ಬಂಗ್ಲಾ’ ಎನ್ನುತ್ತಿದ್ದರು. ಇಂಗ್ಲಿಷರು ನೋಡಿದರು, ಸೆಕೆಗೆ ಒಳ್ಳೆಯದು ಅಂತ ತಮಗೂ ಹಾಗೇ ಕಟ್ಟಿಸಿಕೊಂಡರು. ಇಲ್ಲಿ ಸಾಹೇಬರು ಇದ್ದ ಮನೆಯಾದ್ದರಿಂದ ನಮ್ಮ ಬಾಯಲ್ಲಿ ಬಂಗಲೆ ಎಂದರೆ ದೊಡ್ಡವರ ಮನೆಯಾಯಿತು. ಅದೇ ಮಾತು ಹಡಗು ಹತ್ತಿ ಅಮೆರಿಕಕ್ಕೆ ಹೋದಾಗ ಸಾಮಾನ್ಯ ಸಂಸಾರಸ್ಥರ ಚಿಕ್ಕ ಮನೆಯಾಯಿತು. ಗುಡಿಸಲಾಗಿ ಹುಟ್ಟಿದ ಹೆಸರು ನಮ್ಮಲ್ಲಿ ಅಂತಸ್ತು ಏರಿತು, ಅಲ್ಲಿ ಮತ್ತೆ ನೆಲಕ್ಕಿಳಿಯಿತು!

ಈ ಜಾತಿಯ ಮನೆಗೆ ಅಲ್ಲಿ ‘ಕ್ರಾಫ್ಟ್ಸ್‌ಮನ್’ ಮನೆ ಎನ್ನುತ್ತಾರೆ. ಕ್ರಾಫ್ಟ್ಸ್‌ಮನ್ ಎಂದರೆ ಕಸುಬುದಾರ, ಕೈಕೆಲಸದವ. ಈ ಹೆಸರು ಬಂದದ್ದು ಒಂದು ಪತ್ರಿಕೆಯಿಂದ ಎಂದರೆ ನಿಮಗೂ ನನ್ನಂತೆ ಖುಷಿಯಾದೀತು. ಗುಸ್ತಾವ್ ಸ್ಟಿಕ್ಲೀ ಎಂಬ ಪೀಠೋಪಕರಣ ಮಾಡುವವನೊಬ್ಬ ೧೯೦೧ರಲ್ಲಿ ‘ದಿ ಕ್ರಾಫ್ಟ್ಸ್‌ಮನ್’ ಎಂಬ ಮಾಸಪತ್ರಿಕೆ ಶುರುಮಾಡಿದ. ಅದರಲ್ಲಿ ಲೇಖನಗಳ ಜೊತೆ ಮನೆಯ ನಕ್ಷೆಗಳೂ ಬರುತ್ತಿದ್ದವು. ನಾವು ಪತ್ರಿಕೆಯಿಂದ ಕಸೂತಿ ನಮೂನೆ ಕತ್ತರಿಸಿ ಇಟ್ಟುಕೊಳ್ಳುವ ಹಾಗೆ ಅಲ್ಲಿನ ಜನ ಮನೆಯ ನಮೂನೆ ಇಟ್ಟುಕೊಂಡರು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮೊದಲಾದವರು, ಕಾರ್ಖಾನೆಯ ಸಾಮಾನು ಬಂದು ಕೈಕೆಲಸದ ಮರ್ಯಾದೆ ಹೋಯಿತು ಎಂದು ದನಿ ಎತ್ತಿದ್ದರು. ಸ್ಟಿಕ್ಲೀ ಅದನ್ನೇ ಅಮೆರಿಕದ ಮಧ್ಯಮ ವರ್ಗದ ಮನೆಯೊಳಕ್ಕೆ ತಂದ. ಬೇಡದ ಅಲಂಕಾರ ಬೇಡ, ಮರ ಮರದ ಹಾಗೇ ಕಾಣಲಿ, ಕೀಲು ಜೋಡಿಸಿದ್ದು ಕಣ್ಣಿಗೆ ಬೀಳಲಿ ಎಂಬುದು ಅವರ ಮಾತು. ಮಾತು ಚೆನ್ನಾಗಿತ್ತು, ವ್ಯಾಪಾರ ಚೆನ್ನಾಗಲಿಲ್ಲ. ೧೯೧೫ರಲ್ಲಿ ಆತ ದಿವಾಳಿಯಾದ, ೧೯೧೬ರಲ್ಲಿ ಪತ್ರಿಕೆಯೂ ನಿಂತಿತು. ಮನೆಗಳು ಮಾತ್ರ ಆಮೇಲೂ ಏಳುತ್ತಲೇ ಇದ್ದವು. ಸಿಯರ್ಸ್ ಎಂಬ ಕಂಪನಿಯವರು ೧೯೦೮ರಿಂದ ೧೯೪೦ರವರೆಗೆ ಟಪಾಲಿನಲ್ಲಿ ಮನೆ ಮಾರಿದರು! ಕ್ಯಾಟಲಾಗು ನೋಡಿ ದುಡ್ಡು ಕಳಿಸಿದರೆ ಕತ್ತರಿಸಿದ ಮರ, ಮೊಳೆ, ಬಣ್ಣ ಎಲ್ಲ ರೈಲಿನಲ್ಲಿ ಬರುತ್ತಿತ್ತು. ಜೋಡಿಸಿಕೊಳ್ಳುವುದು ನಿಮ್ಮ ಪಾಡು. ಅಂಥವು ಸುಮಾರು ೭೦ ಸಾವಿರ ಮಾರಾಟವಾಗಿರಬಹುದು ಎಂದು ಅಂದಾಜು. ಅವುಗಳಲ್ಲಿ ಬಹಳಷ್ಟು ಇಂಥ ಬಂಗಲೆಗಳೇ.

ತಂಗಿಯ ಮನೆ ೧೯೧೩ರದ್ದು. ಅವಳಿರುವ ಬಡಾವಣೆಗೆ ‘ಬಂಗಲೋ ಹೆವನ್’ ಎಂದು ಹೆಸರು, ಬಂಗಲೆಗಳ ಸ್ವರ್ಗ ಅಂತ. ಇಂಥ ಎಂಟುನೂರಕ್ಕೂ ಹೆಚ್ಚು ಮನೆಗಳು ಅಲ್ಲಿವೆ. ಹಳೆಯದನ್ನು ಕಾಪಾಡಬೇಕು ಎಂದು ೧೯೮೯ರಲ್ಲಿ ಪಸಡೀನಾ ನಗರದವರು ಗುರುತಿಸಿದ ಮೊದಲ ಬಡಾವಣೆ ಅದು. ಅಂದಮೇಲೆ ಬೀದಿಗೆ ಕಾಣುವ ಕಿಟಕಿ, ಕಂಬಗಳನ್ನು ಮನಸ್ಸು ಬಂದ ಹಾಗೆ ಬದಲಾಯಿಸಲು ಬರುವುದಿಲ್ಲ, ಕೇಳಿ ಮಾಡಬೇಕು.

ಬನ್ನಿ, ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ.

ಮಾಡು ಗೋಡೆಯಿಂದ ಎರಡು ಮೊಳ ಮುಂದಕ್ಕೆ ಚಾಚಿದೆ, ಮಲೆನಾಡಿನವರಿಗೆ ಇದು ಹೊಸತಲ್ಲ. ಆದರೆ ನಾವು ಪಕಾಸಿಯ ತುದಿಗೆ ಹಲಗೆ ಬಡಿದು ಮುಚ್ಚುತ್ತೇವಲ್ಲ, ಅವರು ಮುಚ್ಚುವುದಿಲ್ಲ. ಪಕಾಸಿಯ ತುದಿಗಳು ಸಾಲಾಗಿ ಹೊರಗೆ ಇಣುಕುತ್ತವೆ. ಜಗುಲಿಯ ಕಂಬ ಬುಡದಲ್ಲಿ ಅಗಲ, ಮೇಲೆ ಹೋಗುತ್ತ ಸಣ್ಣ. ಕಂಬದ ಕಟ್ಟೆಗೆ ಅಲ್ಲಿನ ಅರೊಯೊ ಸೆಕೊ ಹೊಳೆಯ ಉರುಟು ಕಲ್ಲು ಕೂಡಿಸಿದ್ದಾರೆ. ಬಾಗಿಲು ದಾಟಿದರೆ ನಡುಮನೆ, ಅಲ್ಲಿ ಬೆಂಕಿಗೂಡು, ಅದರ ಎರಡು ಬದಿಗೆ ಗೋಡೆಗೇ ಸೇರಿಸಿದ ಪುಸ್ತಕದ ಕಪಾಟು. ಅಲ್ಲಿಂದ ಊಟದ ಮನೆಗೆ ಬಾಗಿಲಿಲ್ಲ. ಎರಡು ಗಿಡ್ಡ ಕಂಬಗಳ ನಡುವೆ ದಾರಿ, ಅಷ್ಟೆ. ಊಟದ ಮನೆಯ ಗೋಡೆಗೆ ಎದೆಮಟ್ಟ ಮರದ ಹಲಗೆ, ಅದರ ಮೇಲಂಚಿನಲ್ಲಿ ತಟ್ಟೆ ನಿಲ್ಲಿಸಲು ಒಂದು ಸಣ್ಣ ಗಾಡಿ. ಒಂದು ಪಕ್ಕದ ಗೋಡೆ ತುಂಬ ಕನ್ನಡಿ, ಗಾಜಿನ ಬಾಗಿಲು, ಸೆಳೆಖಾನೆಗಳಿರುವ ದೊಡ್ಡ ಬೀರು. ತಂದಿಟ್ಟ ಬೀರಲ್ಲ, ಗೋಡೆಯ ಜೊತೆಗೇ ಹುಟ್ಟಿದ್ದು. ಕಿಟಕಿಯ ಕೆಳಗೆ ಕೂರುವ ಹಲಗೆ, ಹಲಗೆ ಎತ್ತಿದರೆ ಒಳಗೆ ಹಾಸಿಗೆ ಇಡುವ ಜಾಗ. ಇಂಥ ಮನೆ ನಡೆಸುವವಳಿಗೆ ಆಳುಕಾಳು ಇರುವುದಿಲ್ಲ ಎಂದು ತಿಳಿದೇ ಕಟ್ಟಿದ್ದಾರೆ. ಗುಡಿಸಲು, ಒರೆಸಲು ಸಾಮಾನು ಸರಿಸಬೇಕಾಗಿಲ್ಲ!

ಅಡಿಗೆಮನೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಗೂಡು. ಫ್ರಿಜ್ಜು ಇಲ್ಲದ ಕಾಲದ್ದು. ನೋಡಲು ಸಾಧಾರಣ ಕಪಾಟು. ಒಳಗಿನ ಅರೆಗಳು ಹಲಗೆಯಲ್ಲ, ಸಂದು ಬಿಟ್ಟು ಹೊಡೆದ ಪಟ್ಟಿಗಳು. ತಳದಲ್ಲಿ ಜಾಲರಿ ಹಾಕಿದ ಕಿಂಡಿ ಮನೆಯ ಅಡಿಯ ತಂಪು ಜಾಗಕ್ಕೆ ತೆರೆದಿದೆ. ಮೇಲೊಂದು ಕಿಂಡಿ ಹೊರಕ್ಕೆ. ಕೆಳಗಿನ ತಂಪು ಗಾಳಿ ಮೇಲಕ್ಕೇರುತ್ತ ಹಣ್ಣು, ತರಕಾರಿ, ಬೆಣ್ಣೆಗಳನ್ನು ತಾಕಿಕೊಂಡು ಹೋಗುತ್ತದೆ. ಹಿಂದಿನವರು ಅದನ್ನು ಹಲಗೆ ಬಡಿದು ಮುಚ್ಚಿದ್ದರು, ತಂಗಿ ತೆರೆಸಿದಳು. ಈಗ ಅದರಲ್ಲಿ ಈರುಳ್ಳಿ, ಆಲೂಗಡ್ಡೆ, ನಾನು ಹೊತ್ತುಕೊಂಡು ಹೋಗಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ.

ಇಷ್ಟೆಲ್ಲ ಚೆಂದವಾಗಿ ಹೇಳಿದೆ. ನಾನು ಹೋದಾಗ ಮಾತ್ರ ಇದ್ಯಾವುದೂ ಹೀಗೆ ಕಾಣುತ್ತಿರಲಿಲ್ಲ. ಬೀರು, ಕಂಬ, ಹಲಗೆ, ತೊಲೆ, ಬೆಂಕಿಗೂಡಿನ ಹೆಂಚು, ಬಾಗಿಲಿನ ತಾಮ್ರದ ಹಿಡಿ, ಎಲ್ಲಕ್ಕೂ ಸುಣ್ಣದಂಥ ಬಿಳಿ ಪೇಂಟು! ಒಂದರ ಮೇಲೊಂದು ಆರು ಪದರ. ಕಿಟಕಿಗಳು ಬಣ್ಣದಲ್ಲೇ ಅಂಟಿ ಹೋಗಿದ್ದವು. ಒಂದು ಕಾಲಕ್ಕೆ ಈ ಮನೆಗಳೆಲ್ಲ ಹಳೇ ಮಾದರಿ, ಕತ್ತಲೆ ಕೂಪ ಅನ್ನಿಸಿ, ಬಂದ ಬಂದವರು ಬೆಳಕಾಗಲಿ ಎಂದು ಬಳಿದದ್ದು. ತಪ್ಪು ಅಂತ ಹೇಳುವುದು ಹೇಗೆ? ಜಗುಲಿಯ ಮಾಡು ಚಾಚಿಕೊಂಡು ಒಳಗೆ ಬೆಳಕು ಕಡಿಮೆಯೇ.

ಬಣ್ಣ ಬರೀ ಅಂದಗೇಡಿಯಾಗಿದ್ದರೆ ತಂಗಿ ಇನ್ನೂ ಹತ್ತು ವರ್ಷ ಹಾಗೇ ಇರುತ್ತಿದ್ದಳೋ ಏನೋ. ನಾನು ಹೋಗುವುದಕ್ಕೆ ಒಂದು ತಿಂಗಳು ಮುಂಚೆ ಮೂರು ವರ್ಷದ ಮಗುವಿನ ರಕ್ತ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಸೀಸ ಇದೆ ಎಂದು ಬಂತು. ಸೀಸ! ಎಲ್ಲಿಂದ ಬಂತು? ಹುಡುಕಿದರೆ ಕಿಟಕಿಯಿಂದ. ಹಳೆಯ ಪೇಂಟಿನಲ್ಲಿ ಸೀಸ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಮನೆಯ ಪೇಂಟಿಗೆ ಅದನ್ನು ಹಾಕಬಾರದೆಂದು ತಡೆದದ್ದು ೧೯೭೮ರಲ್ಲಿ. ಅಂಟಿದ ಕಿಟಕಿಗಳನ್ನು ಭಾವಯ್ಯ ಬೇಸಿಗೆಯಲ್ಲಿ ಬಲವಂತವಾಗಿ ತೆಗೆದು ಹಾಕಿ ಮಾಡಿದ್ದರು. ಹಳೇ ಬಣ್ಣ ತಿಕ್ಕಿ ನುಣ್ಣನೆಯ ಧೂಳು ಉದುರಿತ್ತು. ಕೂಸು ಆ ಕಿಟಕಿಯ ಹಲಗೆಗೆ ಕೈಯಿಟ್ಟು ಬೀದಿ ನೋಡುವುದು, ಕೈ ಬಾಯಿಗೆ ಹಾಕುವುದು. ಮಕ್ಕಳಿಗೆ ಇಷ್ಟು ಸೀಸವಾದರೆ ಅಡ್ಡಿಯಿಲ್ಲ ಎಂಬ ಲೆಕ್ಕವೇ ಇಲ್ಲ ಎನ್ನುತ್ತಾರೆ ವೈದ್ಯರು. ಬುದ್ಧಿ ಬೆಳವಣಿಗೆಗೇ ಪೆಟ್ಟು ಕೊಡುವ ವಿಷ ಅದು.

ಗಂಡ ಹೆಂಡಿರಲ್ಲಿ ಮಾತು ಬೆಳೆದದ್ದು ಅಲ್ಲೇ. “ಎಲ್ಲ ಕಿತ್ತು ಬಿಸಾಡೋಣ, ಪ್ಲಾಸ್ಟಿಕ್ ಕಿಟಕಿ ಹಾಕಿಸೋಣ, ಬೀರೂ ಬೇಡ ಗೀರೂ ಬೇಡ” ಎಂದು ಅವರು. “ಮರದ ತಪ್ಪೇನು? ತಪ್ಪು ಬಣ್ಣದ್ದು” ಎಂದು ಇವಳು. ನಾನು ಮೊದಲ ವಾರ ಅವರ ಕಡೆಗೇ ಇದ್ದೆ. ಕೂಸಿಗಿಂತ ಹೆಚ್ಚಿನ ಕಿಟಕಿ ಉಂಟೇ? ಆದರೆ ಬೀದಿ ಕಡೆಯ ಕಿಟಕಿ ಕೀಳಲು ನಗರದವರ ಒಪ್ಪಿಗೆ ಬೇಕು. ಅದೂ ಅಲ್ಲದೆ ಕೀಳುವಾಗಲೂ ಧೂಳು ಏಳದೆ ಇರುವುದಿಲ್ಲವಲ್ಲ. ಕೊನೆಗೆ ರಾಜಿಯಾಯಿತು: ಕಿಟಕಿ ಮತ್ತು ಮಗು ಮಲಗುವ ಕೋಣೆಯನ್ನು ಸೀಸದ ಕೆಲಸಕ್ಕೆಂದೇ ತರಬೇತಾದವರಿಗೆ ಕೊಡುವುದು. ಊಟದ ಮನೆಯ ಬೀರು, ಹಲಗೆಗಳನ್ನು ಅವರಿಂದಲೇ ವಿಧಾನ ಕೇಳಿಕೊಂಡು ನಾವು ಅಕ್ಕ ತಂಗಿ ಮಾಡುವುದು. ಹಗಲು ಹೊತ್ತು ಕೂಸು ಗೆಳತಿಯ ಮನೆಯಲ್ಲಿ.

ಆ ಕಿಟಕಿಗಳ ವಿಷಯ ಹೇಳಲೇಬೇಕು. ನಮ್ಮಲ್ಲಿದ್ದಂತೆ ಪಕ್ಕಕ್ಕೆ ತೆರೆಯುವುದಿಲ್ಲ, ಮೇಲೆ ಕೆಳಗೆ ಜಾರುತ್ತವೆ. ಮೇಲಿನದರಲ್ಲಿ ಸಣ್ಣ ಸಣ್ಣ ಗಾಜು, ಕೆಳಗಿನದರಲ್ಲಿ ಒಂದೇ ದೊಡ್ಡ ಗಾಜು. ಕೆಲಸದವನು ಚೌಕಟ್ಟಿನ ಪಕ್ಕದ ಪಟ್ಟಿ ಬಿಚ್ಚಿದಾಗ ಒಳಗೆ ಏನಿತ್ತು ಗೊತ್ತೇ? ಒಂದು ರಾಟೆ, ಒಂದು ಹಗ್ಗ, ಹಗ್ಗದ ತುದಿಗೆ ತೂಗುವ ಉದ್ದನೆಯ ಕಬ್ಬಿಣದ ಗುಂಡು. ನಮ್ಮ ಬಾವಿಯ ಲೆಕ್ಕವೇ! ಕಿಟಕಿಯ ಭಾರಕ್ಕೆ ಸಮನಾಗಿ ಗುಂಡು ಗೋಡೆಯೊಳಗೆ ಇಳಿದು ಏರುತ್ತದೆ. ಬೆರಳಲ್ಲಿ ಎತ್ತಿದರೆ ಕಿಟಕಿ ಎದ್ದಲ್ಲೇ ನಿಲ್ಲುತ್ತದೆ. ನೂರಾ ಹನ್ನೊಂದು ವರ್ಷದ ಮೇಲೆ ಕೆಟ್ಟದ್ದು ಹಗ್ಗ ಮಾತ್ರ. ಹೊಸ ಹಗ್ಗ ಕಟ್ಟಿದರು, ಬಣ್ಣ ತೆಗೆದ ಚೌಕಟ್ಟು ಕೂಡಿಸಿದರು, ಆಯಿತು. ಹಳೇ ಗಾಜಿನಲ್ಲಿ ಸಣ್ಣ ಅಲೆಗಳಿವೆ. ಅದರ ಮೂಲಕ ನೋಡಿದರೆ ಎದುರು ಮನೆಯ ಮರ ಕದಲಿದ ಹಾಗೆ ಕಾಣುತ್ತದೆ.

ನಮ್ಮ ಪಾಲಿನ ಕೆಲಸ ಇಷ್ಟು ಸೊಗಸಾಗಿರಲಿಲ್ಲ. ನೆಲಕ್ಕೆಲ್ಲ ದಪ್ಪ ಪ್ಲಾಸ್ಟಿಕ್ಕು, ಬಾಗಿಲಿಗೆ ಪ್ಲಾಸ್ಟಿಕ್ಕು, ನಮಗೆ ಮುಖವಾಡ, ಕೈಚೀಲ, ಮೈಮೇಲೆ ಬಿಸಾಡುವ ಅಂಗಿ. ಬಣ್ಣದ ಮೇಲೆ ಒಂದು ಲೇಪ ಹಚ್ಚಿ, ಕಾದು, ಮೆತ್ತಗಾದ ಮೇಲೆ ಒದ್ದೆ ಇರುವಾಗಲೇ ಕೆರೆದು ತೆಗೆಯಬೇಕು. ಒಣ ಉಪ್ಪುಕಾಗದ ಹಾಕಿ ಉಜ್ಜುವ ಹಾಗಿಲ್ಲ, ದೀಪ ಹಿಡಿದು ಸುಡುವ ಹಾಗಂತೂ ಇಲ್ಲವೇ ಇಲ್ಲ. ಮೊದಲನೆಯದು ಧೂಳು, ಎರಡನೆಯದು ವಿಷದ ಹೊಗೆ. ದಿನದ ಕೊನೆಗೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ನಮ್ಮ ಬಟ್ಟೆ ಬೇರೆ ಒಗೆದು, ತಲೆಗೆ ನೀರು ಹಾಕಿಕೊಂಡು ಮೇಲೆ ಕೂಸನ್ನು ಮುಟ್ಟುವುದು. ಮಡಿಗಿಂತ ಕಠಿಣ! ಬೀರಿನ ಒಂದು ಬಾಗಿಲಿಗೆ ಎರಡು ದಿನ ಹಿಡಿಯಿತು. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಮೊಣಕೈ ನೋವು, ತಂಗಿಗೆ ಅಳು. “ಅಕ್ಕಾ, ಸಾಕು. ಹೊಸ ಬಿಳಿ ಬಣ್ಣ ಹೊಡೆದು ಮುಚ್ಚಿಬಿಡೋಣ” ಎಂದಳು. ನಾನು ಏನೂ ಹೇಳಲಿಲ್ಲ, ಕಾಫಿ ಮಾಡಲು ಎದ್ದೆ. ಬಂದು ನೋಡಿದರೆ ಮತ್ತೆ ಕೆರೆಯುತ್ತ ಕೂತಿದ್ದಳು.

ಆರನೆಯ ಪದರ ಹೋದ ಮೇಲೆ ಹೊಳೆಯುವ ಕಂದು ಬಣ್ಣ ಕಂಡಿತು. ಬಣ್ಣವಲ್ಲ, ಮೆರುಗು. ಕೆಲಸದವನು ಬತ್ತಿಯಲ್ಲಿ ಸ್ಪಿರಿಟ್ಟು ತೆಗೆದುಕೊಂಡು ಮೂಲೆಯಲ್ಲಿ ಉಜ್ಜಿದ. ಬತ್ತಿ ಜೇನಿನ ಬಣ್ಣವಾಯಿತು, ಮರ ಅಂಟಂಟಾಯಿತು. “ಶೆಲ್ಯಾಕ್” ಎಂದ. ತಂಗಿಯ ಗಂಡ ಫೋನಿನಲ್ಲಿ ಅದೇನೆಂದು ನೋಡಿ ನನ್ನ ಕಡೆ ತಿರುಗಿ, “ಅಕ್ಕಾ, ಇದು ಅರಗು!” ಎಂದರು. ಹೌದು, ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೊಡುವ ಅರಗು, ಬಡಗಿಗಳು ಸ್ಪಿರಿಟ್ಟಿನಲ್ಲಿ ನೆನೆಹಾಕಿ ಪಾಲಿಶು ಮಾಡುವ ಅರಗಿನ ಚಕ್ಕೆ. ಜಾರ್ಖಂಡ, ಛತ್ತೀಸಗಢದ ಕಡೆ ಕಾಡಿನಲ್ಲಿ ಮುತ್ತುಗದಂಥ ಮರಗಳ ಮೇಲೆ ಸಣ್ಣ ಹುಳು ಸುರಿಸುವ ಅಂಟು ಅದು. ಆ ಕಾಲಕ್ಕೆ ಜಗತ್ತಿಗೆಲ್ಲ ಬೇಕಾದ ಅರಗಿನ ಬಹುಪಾಲು ಕಲ್ಕತ್ತೆಯ ಬಂದರಿನಿಂದಲೇ ಹೋಗುತ್ತಿತ್ತು. ಹೆಸರು ಬಂಗಾಳದ್ದು, ಮೆರುಗು ನಮ್ಮ ಕಾಡಿನ ಹುಳುವಿನದು. ಇನ್ನು ಇದನ್ನು ಅಮೆರಿಕದ ಮನೆ ಎಂದು ಪೂರ್ತಿಯಾಗಿ ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಅರಗಿನ ಗುಣ ಏನೆಂದರೆ ಹಾಳಾದ ಕಡೆ ಸ್ಪಿರಿಟ್ಟು ಮುಟ್ಟಿಸಿದರೆ ಮತ್ತೆ ಕರಗಿ ಕೂಡಿಕೊಳ್ಳುತ್ತದೆ, ಹೊಸ ಲೇಪ ಹಳೆಯದರೊಳಗೆ ಬೆರೆಯುತ್ತದೆ. ಬಿಸಿ ಪಾತ್ರೆ ಇಟ್ಟರೆ ಮಾತ್ರ ಬಿಳಿ ಕಲೆ ಏಳುತ್ತದೆ. ಹಾಗಾಗಿ ಸಾರಿನ ಪಾತ್ರೆಗೆ ಆ ಬೀರಿನ ಮೇಲೆ ಜಾಗವಿಲ್ಲ.

ಎಲ್ಲವೂ ನಿಜವಾದ ಮರವೇ ಎಂದುಕೊಳ್ಳಬೇಡಿ. ನಡುಮನೆಯ ದಪ್ಪ ತೊಲೆಗಳನ್ನು ನೋಡಿ, ಎಷ್ಟು ದೊಡ್ಡ ಮರ ಕಡಿದರೋ ಎಂದು ಮರುಗಿದ್ದೆ. ಬಡಿದು ನೋಡಿದರೆ ಡಬಡಬ ಸದ್ದು. ಒಳಗೆ ಪೊಳ್ಳು! ಮೂರು ಹಲಗೆ ಕೂಡಿಸಿ ಮಾಡಿದ ಪೆಟ್ಟಿಗೆ. ಉಳ್ಳದ್ದು ಉಳ್ಳ ಹಾಗೆ ಕಾಣಲಿ ಎಂದವರ ಮನೆಯಲ್ಲೂ ಇಷ್ಟು ಒಣ ಜಂಭ ಇತ್ತು.

ನಡುವೆ ಒಂದು ಭಾನುವಾರ ಗ್ಯಾಂಬಲ್ ಹೌಸ್ ನೋಡಲು ಹೋದೆವು. ಅದೇ ಊರಿನಲ್ಲಿದೆ. ಇದು ಮಾತ್ರ ನಮ್ಮ ಅರ್ಥದ ಬಂಗಲೆ. ಟೈಡ್, ಏರಿಯಲ್ ಸೋಪಿನ ಪುಡಿ ಬರುತ್ತದಲ್ಲ, ಆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮನೆತನದ ಡೇವಿಡ್ ಮತ್ತು ಮೇರಿ ಗ್ಯಾಂಬಲ್ ದಂಪತಿಗಳಿಗಾಗಿ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಎಂಬ ಅಣ್ಣ ತಮ್ಮ ೧೯೦೮–೦೯ರಲ್ಲಿ ಕಟ್ಟಿದ್ದು. ಹಜಾರಕ್ಕೆ ಬರ್ಮಾ ತೇಗ. ಮರದ ಒಂದು ಅಂಚೂ ಚೂಪಾಗಿಲ್ಲ, ಎಲ್ಲ ಮೂಲೆಗಳನ್ನೂ ಕೈಗೆ ಹಿತವಾಗುವಂತೆ ಉರುಟು ಮಾಡಿದ್ದಾರೆ. ಮುಂಬಾಗಿಲಿನ ಬಣ್ಣದ ಗಾಜಿನಲ್ಲಿ ಒಂದು ಮರ ಹರಡಿಕೊಂಡಿದೆ. ಬೆಳಗಿನ ಹೊತ್ತು ಅದರ ಬೆಳಕು ನೆಲದ ಮೇಲೆ ಬಿದ್ದಾಗ ಮಾತು ಬರುವುದಿಲ್ಲ. ಅಲ್ಲಿ ಒಂದು ಕಥೆ ಹೇಳಿದರು. ೧೯೪೦ರ ದಶಕದಲ್ಲಿ ಆ ಮನೆಯವರು ಮನೆ ಮಾರಲು ಹೊರಟಿದ್ದರಂತೆ. ನೋಡಲು ಬಂದವರು, ಈ ಮರಕ್ಕೆಲ್ಲ ಬಿಳಿ ಬಣ್ಣ ಹೊಡೆಸಿಬಿಡೋಣ ಎಂದು ತಮ್ಮೊಳಗೆ ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ಅಲ್ಲಿಗೆ ಮಾರಾಟ ನಿಂತಿತು! ೧೯೬೬ರಲ್ಲಿ ಮನೆಯನ್ನು ಊರಿಗೇ ಬಿಟ್ಟುಕೊಟ್ಟರು. ಇವತ್ತು ಯಾರು ಬೇಕಾದರೂ ಟಿಕೆಟು ತೆಗೆದುಕೊಂಡು ನೋಡಬಹುದು.

ಈ ಕಥೆ ಕೇಳಿ ತಂಗಿ ನನ್ನ ಕೈ ಹಿಂಡಿದಳು. ನನಗೆ ಮಾತ್ರ ಬೇರೆಯೇ ನೆನಪಾಯಿತು.

ನಮ್ಮ ಮನೆಯ ಮುಂಬಾಗಿಲು ಹಲಸಿನ ಮರದ್ದಾಗಿತ್ತು. ನಮ್ಮ ಮಾವನವರ ಅಪ್ಪ ಮಾಡಿಸಿದ್ದು. ತಗ್ಗು ಬಾಗಿಲು, ಅಗಲ ಹೊಸ್ತಿಲು, ಒಳಗಿನಿಂದ ಹಾಕುವ ಮರದ ಅಗಳಿ. ಎತ್ತರದವರೆಲ್ಲ ತಲೆ ಹೊಡೆಸಿಕೊಳ್ಳುತ್ತಾರೆ ಎಂದು ಹನ್ನೊಂದು ವರ್ಷದ ಹಿಂದೆ ನಾನೇ ಹಟ ಹಿಡಿದು ತೆಗೆಸಿ ಪೇಟೆಯ ಹೊಸ ಬಾಗಿಲು ಹಾಕಿಸಿದೆ. ಹಳೇ ಮರ ಕೊಳ್ಳುವವನು ಲಾರಿಗೆ ಹಾಕಿಕೊಂಡು ಹೋದ. ಆ ದುಡ್ಡಿನಲ್ಲಿ ಒಂದು ಮಿಕ್ಸಿ ಬಂತು. ಮಿಕ್ಸಿ ಈಗಾಗಲೇ ಎರಡು ಸಲ ರಿಪೇರಿಯಾಗಿದೆ. ಅತ್ತೆ ಆಗ ಏನೂ ಅನ್ನಲಿಲ್ಲ. ಒಂದು ವಾರ ಪರ್ಯಂತ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ, ಇಲ್ಲದ ಅಗಳಿಗೆ ಕೈಯೊಡ್ಡಿ, ವಾಪಸು ಬರುತ್ತಿದ್ದರು.

ಏಪ್ರಿಲ್ ಹೊತ್ತಿಗೆ ತಂಗಿಯ ಊಟದ ಮನೆ ಮುಗಿಯಿತು. ಎಲ್ಲವನ್ನೂ ೧೯೧೩ಕ್ಕೇ ಒಯ್ದರು ಎಂದಲ್ಲ, ಅದು ಹುಚ್ಚು. ಹಳೇ ಕರೆಂಟು ತಂತಿ ತೆಗೆಸಿ ಹೊಸತು ಹಾಕಿಸಿದರು. ಭೂಕಂಪದ ಊರಾದ್ದರಿಂದ ಮರದ ಮನೆಯನ್ನು ಕೆಳಗಿನ ಅಡಿಪಾಯಕ್ಕೆ ಬೋಲ್ಟು ಹಾಕಿ ಬಿಗಿಸಿದರು, ಹಳೇ ಮನೆಗಳಲ್ಲಿ ಅದು ಇರುವುದಿಲ್ಲವಂತೆ. ಅಡಿಗೆಮನೆಯಲ್ಲಿ ಫ್ರಿಜ್ಜು, ಪಾತ್ರೆ ತೊಳೆಯುವ ಯಂತ್ರ, ನಮ್ಮ ಗ್ರೈಂಡರು ಎಲ್ಲ ಇದೆ. ಬೆಂಕಿಗೂಡಿನ ಬಿಳಿ ಬಣ್ಣ ಬಿಡಿಸಿದಾಗ ಮಣ್ಣಿನ ಕಂದು ಬಣ್ಣದ, ಹೊಳಪಿಲ್ಲದ ಹೆಂಚುಗಳು ಕಂಡವು. ಒಂದರಲ್ಲಿ ನವಿಲು. ಪಸಡೀನಾದಲ್ಲೇ ಹಿತ್ತಿಲಿನಲ್ಲಿ ಹೆಂಚು ಸುಡಲು ತೊಡಗಿದ ಅರ್ನೆಸ್ಟ್ ಬ್ಯಾಚೆಲ್ಡರ್ ಎಂಬ ಕಲಾವಿದನ ಹೆಂಚುಗಳು ಹೀಗೇ ಇರುತ್ತವೆ. ಮುದ್ರೆ ಇರುವುದು ಹೆಂಚಿನ ಬೆನ್ನಿಗೆ. ಅದನ್ನು ನೋಡಬೇಕಾದರೆ ಹೆಂಚು ಕೀಳಬೇಕು, ತಂಗಿ ಕೀಳಲಿಲ್ಲ. ಜೂನಿನಲ್ಲಿ ಕೂಸಿನ ರಕ್ತ ಮತ್ತೆ ನೋಡಿದಾಗ ಸೀಸ ಇಳಿದಿತ್ತು. ಫೋನಿನಲ್ಲಿ ಅದನ್ನು ಕೇಳಿ ನಾನು ಇಲ್ಲಿ ಗಣಪತಿಗೆ ಕಾಯಿ ಒಡೆಸಿದೆ.

೨೦೨೫ರ ಜನವರಿ ೭ರ ರಾತ್ರಿ ಪಸಡೀನಾದ ಮೇಲ್ಗಡೆಯ ಗುಡ್ಡಕ್ಕೆ ಬೆಂಕಿ ಬಿತ್ತು. ನೀವೂ ಸುದ್ದಿಯಲ್ಲಿ ನೋಡಿರುತ್ತೀರಿ. ಬಿರುಗಾಳಿಗೆ ಕಿಡಿ ಹಾರಿ ಪಕ್ಕದ ಆಲ್ಟಡೀನಾ ಊರಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು, ಜೀವಗಳೂ ಹೋದವು. ಅದರಲ್ಲಿ ಇಂಥ ಹಳೇ ಮರದ ಮನೆಗಳು ಎಷ್ಟೋ. ತಂಗಿಯವರು ಹೊಗೆ ತಾಳಲಾರದೆ ಕೂಸನ್ನೆತ್ತಿಕೊಂಡು ಗೆಳತಿಯ ಮನೆಗೆ ಹೋದರು. “ಏನು ತಗೊಂಡು ಹೋದೆ?” ಎಂದು ನಾನು ಕೇಳಿದ್ದಕ್ಕೆ, “ಪಾಸ್‌ಪೋರ್ಟು, ಕೂಸಿನ ಔಷಧಿ, ಅಮ್ಮನ ಸೀರೆ. ಬೀರು ತಗೊಂಡು ಹೋಗೋಕ್ಕಾಗತ್ತಾ ಅಕ್ಕಾ?” ಎಂದು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅವರ ಮನೆ ಉಳಿಯಿತು. ಆಲ್ಟಡೀನಾದಲ್ಲಿ ಬೀದಿಗೆ ಬೀದಿಯೇ ಬೂದಿಯಾಗಿ, ಹೊಗೆಗೂಡುಗಳು ಮಾತ್ರ ನಿಂತಿದ್ದವು. ಅವುಗಳಲ್ಲಿ ಬ್ಯಾಚೆಲ್ಡರನ ಹೆಂಚುಗಳು! ಬೆಂಕಿಯಲ್ಲೇ ಹುಟ್ಟಿದವಲ್ಲವೇ, ತಾಳಿಕೊಂಡಿದ್ದವು. ಬುಲ್ಡೋಜರು ಬರುವ ಮೊದಲು ಸ್ವಯಂಸೇವಕರು ಗಾರೆ ಕೆಲಸದವರನ್ನು ಕರೆದುಕೊಂಡು ಹೋಗಿ ಒಂದೊಂದೇ ಹೆಂಚು ಬಿಡಿಸಿ, ಮನೆ ಕಳೆದುಕೊಂಡವರಿಗೆ ಒಪ್ಪಿಸಿದರು. ಮುಂದೆ ಹೊಸ ಮನೆ ಕಟ್ಟಿಸಿದರೆ ಕೂಡಿಸಿಕೊಳ್ಳಲಿ ಎಂದು.

ಅದನ್ನು ಕೇಳಿದ ಮೇಲೆ ನಮ್ಮ ಮನೆಯಲ್ಲಿ ಏನು ಉಳಿದಿದೆ ಎಂದು ನೋಡುತ್ತ ಬಂದೆ. ಉಗ್ರಾಣದ ಬಾಗಿಲು ಇದೆ. ವರ್ಷ ಬಿಟ್ಟು ವರ್ಷ ಹಬ್ಬಕ್ಕೆ ಹಸಿರು ಪೇಂಟು ಹೊಡೆಸಿಕೊಂಡು ಬಂದದ್ದು. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗ ಮೀರಬಾರದೆಂಬ ನಿಯಮ ೨೦೧೬ರಲ್ಲಿ ಬಂದು, ೨೦೧೭ರ ನವೆಂಬರಿನಿಂದ ಜಾರಿಗೆ ಬಂತು. ಅಂದರೆ ನಿಮ್ಮ ಮನೆಯ ಹಳೇ ಬಣ್ಣವನ್ನೂ ನಂಬಬೇಡಿ. ಒಣಗಿದ್ದನ್ನು ಉಜ್ಜಿಸಬೇಡಿ, ಬಡಗಿ ದೀಪ ಹಚ್ಚಿ ಸುಡುತ್ತೇನೆಂದರೆ ಬೇಡ ಅನ್ನಿ. ಬಸುರಿ ಬಾಣಂತಿಯರು, ಮಕ್ಕಳು ಇರುವಾಗಂತೂ ಆ ಕೆಲಸಕ್ಕೇ ಕೈ ಹಾಕಬೇಡಿ.

ನಾನು ಬಿಜಾಗರಿಯ ಹಿಂದೆ, ಯಾರಿಗೂ ಕಾಣದ ಕಡೆ, ನೀರು ಚಿಮುಕಿಸಿ ರೂಪಾಯಿಯಗಲ ಕೆರೆದೆ. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಹಸಿರು, ಆಮೇಲೆ ಮರ. ಒಲೆ ಆರಿಸಿ, ಕಿಟಕಿ ತೆರೆದು, ಬತ್ತಿಯಲ್ಲಿ ಸ್ಪಿರಿಟ್ಟು ಒರೆಸಿದೆ. “ಯಾರಿಗೆ ಇಂಜೆಕ್ಷನ್ನು?” ಎಂದು ನಮ್ಮ ಯಜಮಾನರು ಹೊರಗಿನಿಂದ ಕೇಳಿದರು. ಬತ್ತಿ ಜೇನಿನ ಬಣ್ಣವಾಗಲಿಲ್ಲ, ಬೆಳ್ಳಗೇ ಇತ್ತು. ನನಗೆ ಪಿಚ್ಚೆನಿಸಿತು.

ಅತ್ತೆ ಕೋಲೂರಿಕೊಂಡು ಬಂದು ನೋಡಿದರು. “ಅದೆಂಥ ಅರಗು? ನಮ್ಮಲ್ಲಿ ಬಾಗಿಲಿಗೆ ಹಚ್ಚುತ್ತಿದ್ದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲು ಹತ್ತುತ್ತಿರಲಿಲ್ಲ. ಕೈಗೆ ತಾಗಿದರೆ ಸುಡುತ್ತದೆ ಅಂತ ಕೋಲಿಗೆ ಬಟ್ಟೆ ಸುತ್ತಿ ಹಚ್ಚಬೇಕು. ದೀಪಾವಳಿಗೆ ಮುಂಚೆ ಎಲ್ಲ ಬಾಗಿಲಿಗೂ ನಾನೇ ಹಚ್ಚುತ್ತಿದ್ದೆ” ಎಂದರು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ನಾನು ಅದನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಮರ ಒದ್ದೆ ಇರುವಾಗ ಎಣ್ಣೆ ಹಿಡಿಯುವುದಿಲ್ಲವಂತೆ. ಮಳೆ ಹೊಳವಾಗಲಿ, ದಸರೆ ಕಳೆಯಲಿ, ಆಮೇಲೆ ಶುರುಮಾಡೋಣ ಎಂದಿದ್ದಾರೆ.